ಎರಡು ನೆಟ್‌ವರ್ಕ್ ಕಾರ್ಡ್‌ಗಳ ಕಂಪ್ಯೂಟರ್ ಮತ್ತು ಸರದಿಯಲ್ಲಿ ಬಂದ ದೂರುಗಳು: ಒಂದು ಪ್ರಕರಣ ಅಧ್ಯಯನ

ಅಳತೆಯ ಉಪಕರಣಗಳಿಂದ ಮಾಹಿತಿ ಸಂಗ್ರಹಿಸಿ ಅದನ್ನು ವೆಬ್ ಪುಟಗಳ ರೂಪದಲ್ಲಿ ಬೇರೆಯವರಿಗೆ ಒದಗಿಸುವ ಒಂದು ಲಿನಕ್ಸ್ ಕಂಪ್ಯೂಟರ್ ಈ ಪ್ರಕರಣದ ವಸ್ತು. ಅದರಲ್ಲಿ ಎರಡು ಈಥರ್ನೆಟ್ ಕಾರ್ಡ್‌ಗಳಿವೆ. ಮೊದಲನೆಯದು ಕಚೇರಿಯ ಜಾಲಕ್ಕೆ ಸೇರಿದ್ದು. ಅದರ ವಿಳಾಸ 192.168.10.25, ಗೇಟ್‌ವೇ, ಅಂದರೆ ಜಾಲದಿಂದ ಹೊರಹೋಗುವ ಬಾಗಿಲು, 192.168.10.1. ಇಂಟರ್ನೆಟ್ ಸಿಗುವುದು ಈ ಕಡೆಯಿಂದ ಮಾತ್ರ. ಎರಡನೆಯದು ಉಪಕರಣಗಳ ಜಾಲಕ್ಕೆ ಸೇರಿದ್ದು. ಅದರ ವಿಳಾಸ 10.20.30.15, ಗೇಟ್‌ವೇ 10.20.30.1. ಈ ಎರಡನೆಯ ಗೇಟ್‌ವೇಯ ಆಚೆಗೆ 10.20 ಎಂದು ಆರಂಭವಾಗುವ ಇನ್ನೂ ಹಲವು ಸಬ್‌ನೆಟ್‌ಗಳು, ಅಂದರೆ ಉಪಜಾಲಗಳು, ಇವೆ, ಮಾಹಿತಿಯನ್ನು ಪರಿಶೀಲಿಸುವ ವಿಶ್ಲೇಷಕರು ಕೂರುವ 10.20.40.0/24, ಅಂದರೆ 10.20.40 ಎಂದು ಆರಂಭವಾಗುವ ವಿಳಾಸಗಳ ಗುಂಪು, ಅವುಗಳಲ್ಲೊಂದು, ಆದರೆ ಆ ದಾರಿಯಲ್ಲಿ ಇಂಟರ್ನೆಟ್ ಇಲ್ಲ. ಎರಡೂ ಕಾರ್ಡ್‌ಗಳಿಗೆ ಆಯಾ ಜಾಲದ ಡಿಎಚ್‌ಸಿಪಿ ಸರ್ವರ್ ವಿಳಾಸ ಕೊಡುತ್ತದೆ. ವಿಳಾಸಗಳನ್ನು ಸರ್ವರ್‌ನಲ್ಲಿ ಕಾಯ್ದಿರಿಸಿರುವುದರಿಂದ ಅವು ಬದಲಾಗುವುದಿಲ್ಲ. ಸಂಪರ್ಕಗಳ ನಿರ್ವಹಣೆ ನೆಟ್‌ವರ್ಕ್‌ಮ್ಯಾನೇಜರ್ ಎಂಬ ತಂತ್ರಾಂಶದ ಕೈಯಲ್ಲಿದೆ. ಮುಂದೆ ಈ ಎರಡನ್ನು ಕಚೇರಿ ಕಾರ್ಡ್, ಉಪಕರಣ ಕಾರ್ಡ್ ಎಂದು ಕರೆಯಲಾಗಿದೆ.

ದೂರುಗಳು

ಮೊದಲ ದೂರು ಈ ಯಂತ್ರವನ್ನು ನೋಡಿಕೊಳ್ಳುವವರದು. ರೀಬೂಟ್ ಮಾಡಿದ ಮೇಲೆ ಒಮ್ಮೊಮ್ಮೆ ಇಂಟರ್ನೆಟ್ ಇರುವುದಿಲ್ಲ, ತಂತ್ರಾಂಶದ ಅಪ್‌ಡೇಟ್‌ಗಳು ಇಳಿಯುವುದಿಲ್ಲ. ಮತ್ತೆ ಕೆಲವೊಮ್ಮೆ ರೀಬೂಟ್ ಮಾಡಿದರೂ ಎಲ್ಲವೂ ಸರಿಯಾಗಿಯೇ ಇರುತ್ತದೆ. ಎರಡನೆಯ ದೂರು ವಿಶ್ಲೇಷಕರದು. ಕೆಲವು ದಿನ ಅವರಿಗೆ ಈ ಯಂತ್ರದ ವೆಬ್ ಪುಟ ತೆರೆಯುವುದೇ ಇಲ್ಲ, ಪಿಂಗ್ ಮಾಡಿದರೂ, ಅಂದರೆ ಯಂತ್ರ ಸಿಗುತ್ತದೆಯೇ ಎಂದು ಸಣ್ಣ ಸಂದೇಶ ಕಳುಹಿಸಿ ಕೇಳಿದರೂ, ಉತ್ತರವಿಲ್ಲ. ಆದರೆ ಅದೇ ದಿನ ಅದೇ ಯಂತ್ರದ ಪಕ್ಕದಲ್ಲಿರುವ, ಅಂದರೆ 10.20.30.0/24ರೊಳಗೇ ಇರುವ ಉಪಕರಣಗಳೊಂದಿಗೆ ಅದರ ವ್ಯವಹಾರಕ್ಕೆ ಯಾವ ಅಡ್ಡಿಯೂ ಇರುವುದಿಲ್ಲ. ದೂರಿತ್ತವರೂ ಬೇರೆ, ದೂರು ದಾಖಲಾದ ಜಾಗವೂ ಬೇರೆಯಾಗಿದ್ದರಿಂದ ಇವು ಸಂಬಂಧವಿಲ್ಲದ ಎರಡು ಸಮಸ್ಯೆಗಳೆಂದೇ ಎಲ್ಲರೂ ನಂಬಿದ್ದರು.

ಮೊದಲ ದೂರಿಗೆ ಒಂದು ಪರಿಹಾರವನ್ನೂ ಬಳಕೆದಾರರೇ ಕಂಡುಕೊಂಡಿದ್ದರು. ಯಂತ್ರದ ಹಿಂದಿನ ಎರಡೂ ಕೇಬಲ್‌ಗಳನ್ನು ಕಳಚಿ, ಮೊದಲು ಕಚೇರಿಯ ಕೇಬಲ್ ಸಿಕ್ಕಿಸಿ, ಇಂಟರ್ನೆಟ್ ಬಂದದ್ದನ್ನು ಖಚಿತಪಡಿಸಿಕೊಂಡು ಆಮೇಲೆ ಇನ್ನೊಂದನ್ನು ಸಿಕ್ಕಿಸಿದರೆ ಎಲ್ಲವೂ ಸರಿಹೋಗುತ್ತಿತ್ತು. ಹಾಗಾಗಿ ಸಂಶಯ ಸಹಜವಾಗಿಯೇ ಕೇಬಲ್ಲಿನ ಮೇಲೆ ಬಿತ್ತು. ಹೊಸ ಕೇಬಲ್ ಹಾಕಿದರು, ಸರಿಹೋಯಿತು. ಮುಂದಿನ ಯಾವುದೋ ಒಂದು ರೀಬೂಟ್‌ನಲ್ಲಿ ಮತ್ತೆ ಕೆಟ್ಟಿತು. ಸ್ವಿಚ್‌ನ ಪೋರ್ಟ್ ಬದಲಿಸಿದರು, ಆಗಲೂ ಹಾಗೆಯೇ ಆಯಿತು. ಇಲ್ಲಿ ಗಮನಿಸಬೇಕಾದದ್ದು, ಕೇಬಲ್ ಬದಲಿಸುವುದೆಂದರೆ ಕೇಬಲ್ ಕಳಚಿ ಸಿಕ್ಕಿಸುವುದೂ ಹೌದು ಎಂಬುದನ್ನು. ಪರೀಕ್ಷೆಗೆಂದು ಮಾಡಿದ ಕೆಲಸವೇ ಬೇರೊಂದು ಕಾರಣದಿಂದ ದೋಷವನ್ನು ತಾತ್ಕಾಲಿಕವಾಗಿ ನಿವಾರಿಸುತ್ತಿದ್ದರೆ, ಆ ಪರೀಕ್ಷೆಯಿಂದ ಕೇಬಲ್ಲಿನ ಬಗ್ಗೆ ಏನೂ ತಿಳಿಯುವುದಿಲ್ಲ.

ಎರಡೂ ದೂರುಗಳ ದಿನಾಂಕಗಳನ್ನು ಒಂದೇ ಹಾಳೆಯಲ್ಲಿ ಬರೆದಾಗ ಮೊದಲ ಸುಳಿವು ಸಿಕ್ಕಿತು. ಅವೆರಡೂ ಎಂದೂ ಒಟ್ಟಿಗೆ ಬಂದಿರಲಿಲ್ಲ. ಇಂಟರ್ನೆಟ್ ಇಲ್ಲದ ದಿನ ವಿಶ್ಲೇಷಕರಿಗೆ ಪುಟ ತೆರೆಯುತ್ತಿತ್ತು. ಇಂಟರ್ನೆಟ್ ಇದ್ದ ದಿನವೇ ಅವರ ದೂರು ಬರುತ್ತಿತ್ತು. ಸಡಿಲವಾದ ತಂತಿಯಿಂದಾಗಲಿ ಕೆಟ್ಟ ಪೋರ್ಟಿನಿಂದಾಗಲಿ ಇಂಥ ಅಚ್ಚುಕಟ್ಟಾದ ಸರದಿ ಹುಟ್ಟುವುದಿಲ್ಲ. ಎರಡು ಆಯ್ಕೆಗಳ ನಡುವೆ ಯಾವುದೋ ಒಂದು ನಿರ್ಧಾರ ಪ್ರತಿ ರೀಬೂಟ್‌ನಲ್ಲೂ ಅತ್ತಿಂದಿತ್ತ ಹೊರಳುತ್ತಿದೆ ಎಂಬುದೇ ಇದರ ಅರ್ಥ. ಎರಡು ಕಾರ್ಡ್‌ಗಳ ಯಂತ್ರದಲ್ಲಿ ಅಂಥ ನಿರ್ಧಾರ ಯಾವುದೆಂದು ಹುಡುಕಲು ಬಹಳ ದೂರ ಹೋಗಬೇಕಾಗಿಲ್ಲ.

ಯಾವ ದಾರಿ ಡೀಫಾಲ್ಟ್

ಆದರೂ ಕೆಳಗಿನ ಪದರದಿಂದಲೇ ಆರಂಭಿಸಿದೆವು. ಎರಡೂ ಕಾರ್ಡ್‌ಗಳಲ್ಲಿ ಲಿಂಕ್ ಇತ್ತು, ವೇಗ ಸೆಕೆಂಡಿಗೆ 1000 ಮೆಗಾಬಿಟ್, ದೋಷಗಳ ಲೆಕ್ಕ ಸೊನ್ನೆ. ಎರಡೂ ಕಾರ್ಡ್‌ಗಳಲ್ಲಿ ಕಾಯ್ದಿರಿಸಿದ ವಿಳಾಸಗಳೇ ಇದ್ದುದರಿಂದ ಡಿಎಚ್‌ಸಿಪಿ ಉತ್ತರ ಬಾರದ ಸಂಗತಿಯೂ ಅಲ್ಲ. ಎರಡೂ ಗೇಟ್‌ವೇಗಳು ಪಿಂಗ್‌ಗೆ ಉತ್ತರಿಸುತ್ತಿದ್ದವು. ಇಷ್ಟಕ್ಕಿಂತ ಹೆಚ್ಚು ಹೊತ್ತನ್ನು ಈ ಹಂತದಲ್ಲಿ ಕಳೆಯುವ ಅಗತ್ಯ ಕಾಣಲಿಲ್ಲ.

ಇಂಟರ್ನೆಟ್ ಇಲ್ಲದ ಸ್ಥಿತಿಯಲ್ಲೇ, ಕೇಬಲ್ ಮುಟ್ಟದೆ, ‘ಐಪಿ ರೂಟ್’ ಆದೇಶ ಕೊಟ್ಟು, ಯಾವ ವಿಳಾಸಕ್ಕೆ ಯಾವ ದಾರಿ ಎಂದು ಹೇಳುವ ರೂಟಿಂಗ್ ಟೇಬಲ್ ನೋಡಿದಾಗ ಅದರಲ್ಲಿ ಎರಡು ಡೀಫಾಲ್ಟ್ ದಾರಿಗಳಿದ್ದವು: ಒಂದು 10.20.30.1ರ ಮೂಲಕ, ಮೆಟ್ರಿಕ್ 100, ಇನ್ನೊಂದು 192.168.10.1ರ ಮೂಲಕ, ಮೆಟ್ರಿಕ್ 101. ಮೆಟ್ರಿಕ್ ಕಡಿಮೆ ಇರುವ ದಾರಿಗೇ ಲಿನಕ್ಸ್‌ನ ತಿರುಳಾದ ಕರ್ನಲ್ ಆದ್ಯತೆ ಕೊಡುತ್ತದೆ. ಆದ್ದರಿಂದ ಬೇರೆ ಯಾವ ನಿರ್ದಿಷ್ಟ ದಾರಿಗೂ ಹೊಂದದ ಪ್ರತಿಯೊಂದು ಪ್ಯಾಕೆಟ್ಟೂ (ಜಾಲದಲ್ಲಿ ಸಾಗುವ ಮಾಹಿತಿಯ ತುಣುಕು) ಇಂಟರ್ನೆಟ್ಟೇ ಇಲ್ಲದ ಉಪಕರಣ ಜಾಲದ ಕಡೆಗೆ ಹೊರಟು ಅಲ್ಲಿಯೇ ಕೊನೆಗೊಳ್ಳುತ್ತಿತ್ತು.

ಈ 100 ಮತ್ತು 101 ಎಲ್ಲಿಂದ ಬಂದವು ಎಂಬುದರಲ್ಲೇ ಸರದಿಯ ಗುಟ್ಟಿದೆ. ತಂತಿಯ ಸಂಪರ್ಕಗಳಿಗೆ ನೆಟ್‌ವರ್ಕ್‌ಮ್ಯಾನೇಜರ್ ತಾನಾಗಿ ಕೊಡುವ ಮೆಟ್ರಿಕ್ 100, ವೈಫೈಗೆ 600. ಎರಡು ತಂತಿಯ ಕಾರ್ಡ್‌ಗಳಿದ್ದಾಗ ಎರಡಕ್ಕೂ ಒಂದೇ ಅಂಕಿ ಬಂದು ಘರ್ಷಣೆಯಾಗುವುದನ್ನು ತಪ್ಪಿಸಲು, ಮೊದಲು ಸಜ್ಜಾದ ಕಾರ್ಡಿಗೆ 100 ಕೊಟ್ಟು ನಂತರದ್ದಕ್ಕೆ ಒಂದನ್ನು ಹೆಚ್ಚಿಸುತ್ತದೆ. ಅಂದರೆ ಯಂತ್ರ ಏಳುವಾಗ ಯಾವ ಕಾರ್ಡ್ ಒಂದು ಕ್ಷಣ ಮುಂಚೆ ಸಿದ್ಧವಾಯಿತೋ ಅದೇ ಇಡೀ ದಿನದ ಡೀಫಾಲ್ಟ್ ದಾರಿಯನ್ನು ನಿರ್ಧರಿಸುತ್ತಿತ್ತು. ಕೇಬಲ್ ಕಳಚಿ ಕಚೇರಿಯದ್ದನ್ನು ಮೊದಲು ಸಿಕ್ಕಿಸಿದರೆ ಸರಿಹೋಗುತ್ತಿದ್ದುದೂ ಇದೇ ಕಾರಣಕ್ಕೆ. ಆಗ ಕಚೇರಿ ಕಾರ್ಡಿಗೆ 100 ದಕ್ಕುತ್ತಿತ್ತು.

ಊಹೆಯನ್ನು ಪರೀಕ್ಷಿಸಲು ಹೊರಗಿನ ಒಂದು ವಿಳಾಸಕ್ಕೆ ಎರಡು ಬಗೆಯಲ್ಲಿ ಪಿಂಗ್ ಮಾಡಲಾಯಿತು. ಸಾಮಾನ್ಯ ಪಿಂಗ್‌ಗೆ ಉತ್ತರವಿಲ್ಲ. ಪಿಂಗ್ ಆದೇಶಕ್ಕೆ ಕಚೇರಿ ಕಾರ್ಡಿನ ಹೆಸರನ್ನು ಜೋಡಿಸಿ ಕೊಟ್ಟಾಗ ತಕ್ಷಣ ಉತ್ತರ ಬಂತು. ಕಚೇರಿ ಕಾರ್ಡು, ಅದರ ಕೇಬಲ್, ಸ್ವಿಚ್, ರೂಟರ್, ಅದರಾಚೆಯ ಸಂಪರ್ಕ ಎಲ್ಲವೂ ಸರಿಯಾಗಿವೆ, ಕೊರತೆ ಇರುವುದು ಆಯ್ಕೆಯಲ್ಲಿ ಮಾತ್ರ ಎಂಬುದು ಈ ಒಂದೇ ಹೋಲಿಕೆಯಿಂದ ಸ್ಥಿರವಾಯಿತು. ಇಲ್ಲೊಂದು ಎಚ್ಚರಿಕೆ ಬೇಕು. ಪಿಂಗ್‌ಗೆ ಕಾರ್ಡಿನ ಹೆಸರು ಕೊಡುವುದೂ ಆ ಕಾರ್ಡಿನ ಐಪಿ ವಿಳಾಸ ಕೊಡುವುದೂ ಒಂದೇ ಅಲ್ಲ. ಹೆಸರು ಕೊಟ್ಟರೆ ಪ್ಯಾಕೆಟ್ ಆ ಕಾರ್ಡಿನಿಂದಲೇ ಹೊರಡಬೇಕೆಂಬ ನಿರ್ಬಂಧ ಬೀಳುತ್ತದೆ. ವಿಳಾಸ ಕೊಟ್ಟರೆ ಮೂಲ ವಿಳಾಸವಷ್ಟೇ ನಿಗದಿಯಾಗುತ್ತದೆ. ಪ್ಯಾಕೆಟ್ ಯಾವ ಕಾರ್ಡಿನಿಂದ ಹೊರಡುತ್ತದೆ ಎಂಬುದನ್ನು ರೂಟಿಂಗ್ ಟೇಬಲ್ಲೇ ತೀರ್ಮಾನಿಸುತ್ತದೆ. ಈ ಭೇದ ತಿಳಿಯದೆ ಎರಡು ಕಾರ್ಡ್‌ಗಳ ಯಂತ್ರವನ್ನು ಪರೀಕ್ಷಿಸಲು ಹೊರಟರೆ ತಪ್ಪು ತೀರ್ಮಾನಕ್ಕೆ ಬರುವುದು ಸುಲಭ.

ಉಪಕರಣ ಕಾರ್ಡಿನ ಸಂಪರ್ಕದಲ್ಲಿ ‘ನೆವರ್ ಡೀಫಾಲ್ಟ್’ ಎಂಬ ಆಯ್ಕೆಯನ್ನು ಸಕ್ರಿಯಗೊಳಿಸಿದಾಗ ಡಿಎಚ್‌ಸಿಪಿ ಗೇಟ್‌ವೇ ಕೊಟ್ಟರೂ ನೆಟ್‌ವರ್ಕ್‌ಮ್ಯಾನೇಜರ್ ಅದರ ಮೂಲಕ ಡೀಫಾಲ್ಟ್ ದಾರಿ ಹಾಕುವುದನ್ನು ನಿಲ್ಲಿಸಿತು. ಮೆಟ್ರಿಕ್ ಅಂಕಿಗಳನ್ನು ಕೈಯಾರೆ ಬದಲಿಸಿ ಕಚೇರಿ ಕಾರ್ಡಿಗೆ ಆದ್ಯತೆ ಕೊಡಬಹುದಿತ್ತು, ಆದರೆ ಅದು ಸರಿಯಾದ ಆಯ್ಕೆಯಲ್ಲವೆಂದು ನನ್ನ ಅಭಿಪ್ರಾಯ. ಹಾಗೆ ಮಾಡಿದರೆ ಕಚೇರಿಯ ಕೇಬಲ್ ಕಳಚಿದ ದಿನ ಎಲ್ಲ ಪ್ಯಾಕೆಟ್‌ಗಳೂ ಸದ್ದಿಲ್ಲದೆ ಉಪಕರಣ ಜಾಲಕ್ಕೆ ನುಗ್ಗುತ್ತವೆ, ಪ್ರೋಗ್ರಾಂಗಳು ‘ದಾರಿಯಿಲ್ಲ’ ಎಂದು ಒಡನೆ ಹೇಳುವುದರ ಬದಲು ಉತ್ತರಕ್ಕಾಗಿ ಕಾಯುತ್ತಾ ಕೂರುತ್ತವೆ. ಎರಡು ಡೀಫಾಲ್ಟ್ ದಾರಿಗಳು ಅರ್ಥಪೂರ್ಣವಾಗುವುದು ಎರಡೂ ಒಂದೇ ಗುರಿಗೆ ತಲುಪಿಸಬಲ್ಲವಾದಾಗ ಮಾತ್ರ.

ವಿಶ್ಲೇಷಕರ ಪ್ಯಾಕೆಟ್‌ಗಳು

ಇಂಟರ್ನೆಟ್ ಸ್ಥಿರವಾಯಿತು. ನಿರೀಕ್ಷೆಯಂತೆಯೇ ವಿಶ್ಲೇಷಕರ ದೂರೂ ಸ್ಥಿರವಾಯಿತು: ಮೊದಲು ಕೆಲವು ದಿನ ತೆರೆಯದಿದ್ದ ಪುಟ ಈಗ ಎಂದೂ ತೆರೆಯದಾಯಿತು. ಇದು ಹಿನ್ನಡೆಯಂತೆ ತೋರಿದರೂ ತನಿಖೆಯ ದೃಷ್ಟಿಯಿಂದ ಲಾಭವೇ. ಬಂದು ಹೋಗುವ ದೋಷಕ್ಕಿಂತ ಸದಾ ಇರುವ ದೋಷವನ್ನು ಹಿಡಿಯುವುದು ಸುಲಭ.

ವಿಶ್ಲೇಷಕರ ಒಂದು ಕಂಪ್ಯೂಟರಿನಿಂದ, ಅದರ ವಿಳಾಸ 10.20.40.8, ಪುಟ ತೆರೆಯಲು ಯತ್ನಿಸುತ್ತಿರುವಾಗಲೇ ಎರಡೂ ಕಾರ್ಡ್‌ಗಳ ಮೇಲೆ ಏಕಕಾಲದಲ್ಲಿ, ಹಾದುಹೋಗುವ ಪ್ಯಾಕೆಟ್‌ಗಳನ್ನು ತೋರಿಸುವ ಟಿಸಿಪಿಡಂಪ್ ಓಡಿಸಲಾಯಿತು. ಸಂಪರ್ಕ ಆರಂಭಿಸುವ ಸಿನ್ ಪ್ಯಾಕೆಟ್ ಉಪಕರಣ ಕಾರ್ಡಿಗೆ ಬಂದದ್ದು ಕಂಡಿತು. ಆದರೆ ಯಾವ ಕಾರ್ಡಿನಿಂದಲೂ ಉತ್ತರ ಹೊರಡಲಿಲ್ಲ. ಯಂತ್ರದ ಫೈರ್‌ವಾಲ್ ನಿಯಮಗಳಲ್ಲಿ ತಡೆ ಇರಲಿಲ್ಲ, ವೆಬ್ ಸರ್ವರ್ ಎಲ್ಲ ವಿಳಾಸಗಳಲ್ಲೂ ಕಿವಿಗೊಟ್ಟಿತ್ತು. ಹೀಗೆ ಪ್ಯಾಕೆಟ್ ಬಾಗಿಲವರೆಗೆ ಬಂದು ಒಳಗೆ ಕಾಣೆಯಾಗುವುದಾದರೆ ನೋಡಬೇಕಾದದ್ದು ಕರ್ನಲ್‌ನ ಹಿಮ್ಮುಖ ದಾರಿಯ ಶೋಧಕವನ್ನು, ಅಂದರೆ ‘ಆರ್‌ಪಿ ಫಿಲ್ಟರ್’ ಅನ್ನು. ಟಿಸಿಪಿಡಂಪ್ ಪ್ಯಾಕೆಟ್ಟನ್ನು ನೋಡುವುದು ಈ ಶೋಧಕಕ್ಕೂ ಮೊದಲೇ. ಹಾಗಾಗಿ ಅದರ ಪರದೆಯಲ್ಲಿ ಕಂಡದ್ದೆಲ್ಲ ಪ್ರೋಗ್ರಾಂವರೆಗೆ ತಲುಪಿದೆ ಎಂದು ತಿಳಿಯಲಾಗದು.

ಶೋಧಕ ಕೇಳುವ ಪ್ರಶ್ನೆ ಸರಳ: ಈ ಪ್ಯಾಕೆಟ್ಟನ್ನು ಕಳುಹಿಸಿದ ವಿಳಾಸಕ್ಕೆ ಈಗ ನಾನು ಉತ್ತರಿಸಬೇಕಾದರೆ, ಪ್ಯಾಕೆಟ್ ಬಂದ ಕಾರ್ಡಿನಿಂದಲೇ ಉತ್ತರಿಸುತ್ತೇನೆಯೇ? ಮೌಲ್ಯ 1 ಆಗಿದ್ದು ಉತ್ತರ ‘ಇಲ್ಲ’ ಎಂದಾದರೆ ಪ್ಯಾಕೆಟ್ಟನ್ನು ಸದ್ದಿಲ್ಲದೆ ಎಸೆಯಲಾಗುತ್ತದೆ. ಮೌಲ್ಯ 2 ಆಗಿದ್ದರೆ ಯಾವುದಾದರೂ ಒಂದು ಕಾರ್ಡಿನ ಮೂಲಕ ಆ ವಿಳಾಸಕ್ಕೆ ದಾರಿಯಿದ್ದರೆ ಸಾಕು. ಮೌಲ್ಯ 0 ಎಂದರೆ ಪ್ರಶ್ನೆಯೇ ಇಲ್ಲ. ಸುಳ್ಳು ಮೂಲ ವಿಳಾಸ ಹೊತ್ತು ಬರುವ ಪ್ಯಾಕೆಟ್‌ಗಳನ್ನು ತಡೆಯಲು ಇದು ಬೇಕಾದದ್ದೇ. ಇಂಟರ್ನೆಟ್ಟಿನ ತಾಂತ್ರಿಕ ದಾಖಲೆಗಳಲ್ಲೊಂದಾದ 2004ರ ಆರ್‌ಎಫ್‌ಸಿ 3704 ಈ ಬಿಗಿಯಾದ (ಮೌಲ್ಯ 1) ಮತ್ತು ಸಡಿಲವಾದ (ಮೌಲ್ಯ 2) ಎರಡೂ ಬಗೆಗಳನ್ನು ಚರ್ಚಿಸುತ್ತದೆ, ಒಂದಕ್ಕಿಂತ ಹೆಚ್ಚು ಸಂಪರ್ಕಗಳಿರುವ ಜಾಲಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಅದು ಬರೆದದ್ದು.

ನಮ್ಮ ಯಂತ್ರದಲ್ಲಿ ಮೌಲ್ಯ 1 ಇತ್ತು. 10.20.40.8ಕ್ಕೆ ನಿರ್ದಿಷ್ಟ ದಾರಿ ಇಲ್ಲದ್ದರಿಂದ ಕರ್ನಲ್ ಅದಕ್ಕೆ ಉತ್ತರಿಸುವುದು ಡೀಫಾಲ್ಟ್ ದಾರಿಯಲ್ಲಿ, ಅಂದರೆ ಕಚೇರಿ ಕಾರ್ಡಿನಿಂದ. ಪ್ಯಾಕೆಟ್ ಬಂದದ್ದು ಉಪಕರಣ ಕಾರ್ಡಿನಿಂದ. ಇಂಟರ್ನೆಟ್ ಇಲ್ಲದ ದಿನಗಳಲ್ಲಿ ಡೀಫಾಲ್ಟ್ ದಾರಿಯೂ ಉಪಕರಣ ಕಾರ್ಡಿನದ್ದೇ ಆಗಿರುತ್ತಿದ್ದರಿಂದ ವಿಶ್ಲೇಷಕರಿಗೆ ಪುಟ ತೆರೆಯುತ್ತಿತ್ತು. ಎರಡು ದೂರುಗಳು ಸರದಿಯಲ್ಲಿ ಬರುತ್ತಿದ್ದ ಪೂರ್ಣ ವಿವರಣೆ ಇದು. ದೃಢಪಡಿಸಿಕೊಳ್ಳಲು ಎರಡು ವಿಧಾನಗಳನ್ನು ಬಳಸಿದೆವು. ಕರ್ನಲ್‌ನ ಎಣಿಕೆಗಳನ್ನು ಓದುವ ಎನ್‌ಸ್ಟ್ಯಾಟ್ ಆದೇಶ ತೋರಿಸುವ, ಹಿಮ್ಮುಖ ದಾರಿಯ ಶೋಧಕ ಎಸೆದ ಪ್ಯಾಕೆಟ್‌ಗಳ ಎಣಿಕೆ ಪ್ರತಿ ಪ್ರಯತ್ನಕ್ಕೂ ಏರುತ್ತಿತ್ತು. ‘ಐಪಿ ರೂಟ್ ಗೆಟ್’ ಆದೇಶಕ್ಕೆ ಬರುವ ಪ್ಯಾಕೆಟ್ಟಿನ ಮೂಲ, ಗುರಿ ಮತ್ತು ಒಳಬರುವ ಕಾರ್ಡನ್ನು ಕೊಟ್ಟು ಕೇಳಿದಾಗ ‘ಇನ್‌ವ್ಯಾಲಿಡ್ ಕ್ರಾಸ್ ಡಿವೈಸ್ ಲಿಂಕ್’ ಎಂಬ ಉತ್ತರ ಬಂತು. ನೋಡಲು ಕಡತ ವ್ಯವಸ್ಥೆಯ ದೋಷದಂತಿರುವ ಈ ಸಂದೇಶ ಇಲ್ಲಿ ಹೇಳುತ್ತಿರುವುದು ಶೋಧಕ ತಡೆದಿದೆ ಎಂಬುದನ್ನೇ. ಇಂಥ ಯಂತ್ರಗಳನ್ನು ನೋಡಿಕೊಳ್ಳುವವರಿಗೆ ‘ಐಪಿ ರೂಟ್ ಗೆಟ್’ಗಿಂತ ಉಪಯುಕ್ತವಾದ ಆದೇಶ ಇನ್ನೊಂದಿಲ್ಲ ಎಂದು ಧಾರಾಳವಾಗಿ ಹೇಳಬಹುದು, ಟೇಬಲ್ ಓದಿ ಕರ್ನಲ್ ಏನು ಮಾಡೀತೆಂದು ನಾವು ಊಹಿಸುವ ಬದಲು ಕರ್ನಲ್‌ನನ್ನೇ ಕೇಳಿದಂತಾಗುತ್ತದೆ.

ಈ ಹಂತದಲ್ಲಿ ಶೋಧಕವನ್ನು ನಿಷ್ಕ್ರಿಯಗೊಳಿಸಿಬಿಡುವ ಸಲಹೆ ಬಂತು, ಪ್ರಯೋಗಕ್ಕಾಗಿ ಅದನ್ನೂ ಮಾಡಿ ನೋಡಲಾಯಿತು. ಉಪಕರಣ ಕಾರ್ಡಿನ ಮೌಲ್ಯವನ್ನು 0 ಮಾಡಿದಾಗ ಏನೂ ಬದಲಾಗಲಿಲ್ಲ. ಎಲ್ಲ ಕಾರ್ಡ್‌ಗಳಿಗೆ ಅನ್ವಯಿಸುವ ‘ಆಲ್’ ಮೌಲ್ಯ ಹಾಗೂ ಆಯಾ ಕಾರ್ಡಿನ ಮೌಲ್ಯ ಇವೆರಡರಲ್ಲಿ ದೊಡ್ಡದನ್ನೇ ಕರ್ನಲ್ ಪಾಲಿಸುವುದರಿಂದ, ‘ಆಲ್’ 1 ಇರುವವರೆಗೆ ಕಾರ್ಡಿನ 0ಗೆ ಬೆಲೆಯಿಲ್ಲ. ಅದೇ ಕಾರಣಕ್ಕೆ ಕಾರ್ಡಿನ ಮೌಲ್ಯವನ್ನು 2 ಮಾಡಿದಾಗ ಅದು ಜಾರಿಗೆ ಬಂತು. ಈಗ ಟಿಸಿಪಿಡಂಪ್‌ನ ಚಿತ್ರ ಬದಲಾಯಿತು: ಉಪಕರಣ ಕಾರ್ಡಿನಿಂದ ಸಿನ್ ಒಳಬರುತ್ತದೆ, ಕಚೇರಿ ಕಾರ್ಡಿನಿಂದ ಉತ್ತರ ಹೊರಡುತ್ತದೆ, ಮೂಲ ವಿಳಾಸ 10.20.30.15 ಎಂದು ಹೊತ್ತುಕೊಂಡು. ಪುಟ ಮಾತ್ರ ಆಗಲೂ ತೆರೆಯಲಿಲ್ಲ. ಕಚೇರಿಯ ರೂಟರ್ ತನ್ನ ಸಬ್‌ನೆಟ್ಟಿಗೆ ಸೇರದ ಮೂಲ ವಿಳಾಸದ ಪ್ಯಾಕೆಟ್ಟನ್ನು ಮುಂದೆ ಬಿಡುವುದಿಲ್ಲ. 2000ದ ಆರ್‌ಎಫ್‌ಸಿ 2827 ಶಿಫಾರಸು ಮಾಡುವ ನಡವಳಿಕೆಯೂ ಅದೇ. ಶೋಧಕವನ್ನು ಸಡಿಲಿಸಿದ್ದರಿಂದ ಪ್ಯಾಕೆಟ್ ಕಳೆದುಹೋಗುವ ಜಾಗ ಯಂತ್ರದ ಒಳಗಿನಿಂದ ಹೊರಗಿನ ರೂಟರಿಗೆ ಸ್ಥಳಾಂತರಗೊಂಡಿತೇ ಹೊರತು ಬೇರೇನೂ ಸಾಧಿಸಿದಂತಾಗಲಿಲ್ಲ. ‘ಆರ್‌ಪಿ ಫಿಲ್ಟರ್ ನಿಷ್ಕ್ರಿಯಗೊಳಿಸಿ’ ಎಂಬುದು ಎಲ್ಲೆಡೆ ಸಿಗುವ ಸಲಹೆ. ಶೋಧಕ ತಡೆಯುತ್ತಿದೆ ಎಂದರೆ ಉತ್ತರದ ದಾರಿ ತಪ್ಪಿದೆ ಎಂದು ಅದು ತಿಳಿಸುತ್ತಿದೆ. ತಿಳಿಸುವುದನ್ನು ನಿಲ್ಲಿಸಿದರೆ ದಾರಿ ಸರಿಯಾಗುವುದಿಲ್ಲ.

ಬೇಕಿದ್ದ ಪರಿಹಾರ ಒಂದೇ ಸಾಲಿನದು. 10.20.0.0/16ಕ್ಕೆ, ಅಂದರೆ 10.20 ಎಂದು ಆರಂಭವಾಗುವ ವಿಳಾಸಗಳಿಗೆ, ಹೋಗುವ ಎಲ್ಲವೂ ಉಪಕರಣ ಕಾರ್ಡಿನಿಂದ 10.20.30.1ರ ಮೂಲಕ ಹೋಗಲಿ ಎಂದು ಸ್ಥಿರ ದಾರಿಯೊಂದನ್ನು ಆ ಸಂಪರ್ಕಕ್ಕೆ ಸೇರಿಸಲಾಯಿತು. ಹೆಚ್ಚು ನಿರ್ದಿಷ್ಟವಾದ ದಾರಿಗೇ ಆದ್ಯತೆ ಎಂಬ ನಿಯಮದಂತೆ ಡೀಫಾಲ್ಟ್ ದಾರಿಗಿಂತ ಮೊದಲು ಇದು ಹೊಂದುತ್ತದೆ. ವಿಶ್ಲೇಷಕರಿಗೆ ಪುಟ ತೆರೆಯಿತು.

ಹೆಸರುಗಳ ತೊಡಕು

ನಡುವೆ ಒಂದು ಸಣ್ಣ ತೊಡಕೂ ಎದುರಾಯಿತು. ಅಪರೂಪಕ್ಕೊಮ್ಮೆ ಓಡುವ ನಿರ್ವಹಣೆಯ ಸ್ಕ್ರಿಪ್ಟ್ ಉಪಕರಣಗಳನ್ನು ಅಂಕಿಯ ವಿಳಾಸದ ಬದಲು ಹೆಸರಿನಿಂದ ಕರೆಯುತ್ತಿತ್ತು, ಅದು ಈಗ ವಿಫಲವಾಗುತ್ತಿತ್ತು. ಎರಡೂ ಡಿಎಚ್‌ಸಿಪಿ ಸರ್ವರ್‌ಗಳು ಹೆಸರನ್ನು ಅಂಕಿಯ ವಿಳಾಸಕ್ಕೆ ತಿರುಗಿಸಿಕೊಡುವ ತಂತಮ್ಮ ನೇಮ್‌ಸರ್ವರಿನ ವಿಳಾಸ ಕೊಡುತ್ತವೆ. ಡೀಫಾಲ್ಟ್ ದಾರಿ ಯಾವ ಸಂಪರ್ಕದ್ದೋ ಅದರ ನೇಮ್‌ಸರ್ವರನ್ನು ನೆಟ್‌ವರ್ಕ್‌ಮ್ಯಾನೇಜರ್ ಪಟ್ಟಿಯಲ್ಲಿ ಮೊದಲಿಗಿಡುತ್ತದೆ. ಕಚೇರಿಯ ನೇಮ್‌ಸರ್ವರಿಗೆ ಉಪಕರಣಗಳ ಹೆಸರು ಗೊತ್ತಿಲ್ಲ. ಮೊದಲನೆಯದಕ್ಕೆ ಗೊತ್ತಿಲ್ಲದಿದ್ದರೆ ಎರಡನೆಯದನ್ನು ಕೇಳಲಾಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ, ಅದು ತಪ್ಪು. ‘ಅಂಥ ಹೆಸರಿಲ್ಲ’ ಎಂಬುದೂ ಪೂರ್ಣ ಪ್ರಮಾಣದ ಉತ್ತರವೇ; ಅದು ಬಂದ ಮೇಲೆ ಹುಡುಕಾಟ ಮುಗಿಯುತ್ತದೆ. ಮೊದಲ ಸರ್ವರ್ ಉತ್ತರಿಸದೇ ಹೋದಾಗ, ಸಾಮಾನ್ಯವಾಗಿ 5 ಸೆಕೆಂಡು ಕಾದ ಮೇಲೆ, ಎರಡನೆಯದರ ಸರದಿ ಬರುತ್ತದೆ. ಹೆಸರುಗಳ ಹುಡುಕಾಟ ನಡೆಸುವ ಸಿಸ್ಟಮ್‌ಡಿ ರಿಸಾಲ್ವ್‌ಡಿ ಸೇವೆಯನ್ನು ಬಳಸಿ, ಉಪಕರಣ ಜಾಲದ ಒಳ ಡೊಮೇನಿಗೆ ಸೇರಿದ ಹೆಸರುಗಳನ್ನು ಮಾತ್ರ ಆ ಜಾಲದ ನೇಮ್‌ಸರ್ವರಿಗೆ, ಉಳಿದೆಲ್ಲವನ್ನೂ ಕಚೇರಿಯದಕ್ಕೆ ಕಳುಹಿಸುವಂತೆ ಏರ್ಪಡಿಸಿದ್ದರಿಂದ ಈ ತೊಡಕು ನೀಗಿತು. ಹೆಸರುಗಳ ವಿಷಯ ಇತ್ಯರ್ಥವಾಗುವವರೆಗೂ ಟಿಸಿಪಿಡಂಪ್, ಟ್ರೇಸ್‌ರೂಟ್ ಮುಂತಾದವನ್ನು ವಿಳಾಸಗಳನ್ನು ಹೆಸರಿಗೆ ತಿರುಗಿಸದಂತೆ ಸೂಚಿಸಿಯೇ ಓಡಿಸಬೇಕು. ಇಲ್ಲವಾದರೆ ಆ ಪ್ರೋಗ್ರಾಂಗಳೇ ಹೆಸರಿಗಾಗಿ ಕಾಯುತ್ತಾ, ಜಾಲ ನಿಧಾನವಾಗಿದೆ ಎಂಬ ಸುಳ್ಳು ಭಾವನೆ ಹುಟ್ಟಿಸುತ್ತವೆ.

ಪಿಂಗ್ ಬರುತ್ತದೆ, ಪುಟ ಬರುವುದಿಲ್ಲ

ವಿಶ್ಲೇಷಕರ ಸಮಸ್ಯೆ ಬಗೆಹರಿದ ಸುದ್ದಿ ಹರಡಿದ ಮೇಲೆ ಮೂರನೆಯ ದೂರು ಬಂತು. ಕಚೇರಿಯ ಜಾಲದಲ್ಲೇ ಕೂರುವ ಕೆಲವರಿಗೆ ಈ ಪುಟ ಎಂದೂ ತೆರೆದಿರಲಿಲ್ಲ. ತಮಗೆ ಅನುಮತಿಯಿಲ್ಲವೇನೋ ಎಂದುಕೊಂಡು ಅವರು ಸುಮ್ಮನಿದ್ದರು. ಅವರ ಯಂತ್ರವೊಂದರಿಂದ, ಅದರ ವಿಳಾಸ 192.168.10.77, ಪಿಂಗ್ ಮಾಡಿದರೆ ಉತ್ತರ ಬರುತ್ತಿತ್ತು, ಪುಟ ಮಾತ್ರ ಕಾಯುತ್ತಲೇ ಇರುತ್ತಿತ್ತು. ಇಡೀ ಪ್ರಕರಣದಲ್ಲಿ ಹೆಚ್ಚು ಕಲಿಯುವಂಥದ್ದು ಇದ್ದದ್ದು ಇಲ್ಲಿ.

ನಮ್ಮ ಯಂತ್ರದ ಹೆಸರಿಗೆ, ನೇಮ್‌ಸರ್ವರ್‌ಗಳ ವ್ಯವಸ್ಥೆಯಾದ ಡಿಎನ್‌ಎಸ್‌ನಲ್ಲಿ ಬರೆದಿದ್ದ ವಿಳಾಸ 10.20.30.15. ಹಾಗಾಗಿ ಕಚೇರಿಯವರ ಕೋರಿಕೆ ಕಚೇರಿಯ ರೂಟರಿಗೆ ಹೋಗಿ, ಎರಡು ಜಾಲಗಳ ನಡುವಿನ ಫೈರ್‌ವಾಲ್ ದಾಟಿ, 10.20.30.1ರ ಮೂಲಕ ಉಪಕರಣ ಕಾರ್ಡಿಗೆ ಬರುತ್ತಿತ್ತು. ಉತ್ತರ ಕೊಡುವಾಗ ಯಂತ್ರ ನೋಡುವುದು ಗುರಿಯ ವಿಳಾಸವನ್ನು ಮಾತ್ರ: 192.168.10.77 ತನ್ನ ಕಚೇರಿ ಕಾರ್ಡಿನ ಸಬ್‌ನೆಟ್‌ನಲ್ಲೇ ಇದೆ. ಆದ್ದರಿಂದ ಯಾವ ರೂಟರನ್ನೂ ಬಳಸದೆ ಉತ್ತರವನ್ನು ನೇರವಾಗಿ ಅಲ್ಲಿಂದಲೇ ಕಳುಹಿಸುತ್ತಿತ್ತು. ಪ್ರಯೋಗಕ್ಕೆಂದು 2 ಮಾಡಿದ್ದ ಶೋಧಕ ಇನ್ನೂ ಹಾಗೆಯೇ ಇದ್ದುದರಿಂದ ಕೋರಿಕೆ ಒಳಬರುವುದಕ್ಕೆ ತಡೆಯಿರಲಿಲ್ಲ. ಅದಕ್ಕೂ ಮೊದಲು ಪಿಂಗ್ ಕೂಡ ಬರುತ್ತಿರಲಿಲ್ಲ.

ಪಿಂಗ್ ಒಂದು ಪ್ರಶ್ನೆ, ಒಂದು ಉತ್ತರ. ಎರಡೂ ಬೇರೆ ಬೇರೆ ದಾರಿ ಹಿಡಿದರೂ ತಲುಪಿದರೆ ಸಾಕು. ವೆಬ್ ಪುಟ ಸಾಗುವ ಟಿಸಿಪಿ ಹಾಗಲ್ಲ. ಅದರಲ್ಲಿ ಸಿನ್, ಅದಕ್ಕೆ ಉತ್ತರವಾಗಿ ಸಿನ್-ಆಕ್, ಮತ್ತೆ ಆಕ್ ಎಂಬ ಮೂರು ಪ್ಯಾಕೆಟ್‌ಗಳ ವಿನಿಮಯದಿಂದ ಸಂಪರ್ಕ ಏರ್ಪಡುತ್ತದೆ. ನಡುವಿನ ಫೈರ್‌ವಾಲ್ ಪ್ರತಿ ಸಂಪರ್ಕದ ಸ್ಥಿತಿಯನ್ನು ನೆನಪಿಟ್ಟುಕೊಳ್ಳುವ ಬಗೆಯದು. ಅದು ಸಿನ್ ನೋಡಿತು. ಆದರೆ ಉತ್ತರವಾದ ಸಿನ್-ಆಕ್ ಅದರ ಕಣ್ಣಿಗೆ ಬೀಳಲೇ ಇಲ್ಲ, ಅದು ಬೇರೆ ದಾರಿಯಿಂದ ಹೋಗಿಬಿಟ್ಟಿತ್ತು. ನಂತರ ಕೋರಿದ ಯಂತ್ರದಿಂದ ಬಂದ ಆಕ್ ಅದರ ಲೆಕ್ಕದಲ್ಲಿ ಅಸಂಗತ, ಆದ್ದರಿಂದ ತಿರಸ್ಕೃತ. ಕೋರಿದ ಯಂತ್ರ ಸಂಪರ್ಕ ಏರ್ಪಟ್ಟಿದೆ ಎಂದೇ ನಂಬಿ ಪುಟ ಕೇಳುತ್ತದೆ, ಆ ಕೋರಿಕೆಯೂ ಫೈರ್‌ವಾಲ್‌ನಲ್ಲಿ ನಿಲ್ಲುತ್ತದೆ. ಇತ್ತ ನಮ್ಮ ಯಂತ್ರ ಆಕ್ ಬಾರದ್ದನ್ನು ಕಂಡು 1, 2, 4 ಸೆಕೆಂಡುಗಳ ಹೆಚ್ಚುತ್ತಾ ಹೋಗುವ ಅಂತರದಲ್ಲಿ ಸಿನ್-ಆಕ್ ಅನ್ನು ಮತ್ತೆ ಮತ್ತೆ ಕಳುಹಿಸುತ್ತದೆ. ಟಿಸಿಪಿಡಂಪ್‌ನಲ್ಲಿ ಒಂದು ಕಾರ್ಡಿನಲ್ಲಿ ಸಿನ್, ಇನ್ನೊಂದರಲ್ಲಿ ಮರುಕಳಿಸುವ ಸಿನ್-ಆಕ್ ಕಂಡರೆ ಬೇರೆ ಸಾಕ್ಷ್ಯ ಬೇಕಿಲ್ಲ.

ಸ್ಥಿರ ದಾರಿಯಿಂದ ಇದು ಬಗೆಹರಿಯದು, ಏಕೆಂದರೆ ಸಮಸ್ಯೆ ಗುರಿಯದ್ದಲ್ಲ. ಅದೇ 192.168.10.77 ಕಚೇರಿ ಕಾರ್ಡಿನ ವಿಳಾಸವನ್ನು ಕೇಳಿ ಬಂದಾಗ ಕಚೇರಿ ಕಾರ್ಡಿನಿಂದಲೇ ಉತ್ತರಿಸಬೇಕು, ಉಪಕರಣ ಕಾರ್ಡಿನ ವಿಳಾಸವನ್ನು ಕೇಳಿ ಬಂದಾಗ ಉಪಕರಣ ಕಾರ್ಡಿನಿಂದ. ಅಂದರೆ ದಾರಿಯ ಆಯ್ಕೆ ಉತ್ತರದ ಮೂಲ ವಿಳಾಸವನ್ನು ಅವಲಂಬಿಸಬೇಕು. ಲಿನಕ್ಸ್‌ನಲ್ಲಿ ಇದಕ್ಕೆ ಒಂದಕ್ಕಿಂತ ಹೆಚ್ಚು ರೂಟಿಂಗ್ ಟೇಬಲ್‌ಗಳನ್ನಿಟ್ಟು, ಯಾವಾಗ ಯಾವುದನ್ನು ನೋಡಬೇಕೆಂದು ನಿಯಮ ಬರೆಯುವ ಪಾಲಿಸಿ ರೂಟಿಂಗ್ ಇದೆ. 100 ಎಂಬ ಸಂಖ್ಯೆಯ ಹೊಸ ಟೇಬಲ್‌ನಲ್ಲಿ ಎರಡು ದಾರಿಗಳನ್ನು ಬರೆಯಲಾಯಿತು: 10.20.30.0/24 ನೇರವಾಗಿ ಉಪಕರಣ ಕಾರ್ಡಿನಲ್ಲಿ, ಡೀಫಾಲ್ಟ್ 10.20.30.1ರ ಮೂಲಕ. ಮೂಲ ವಿಳಾಸ 10.20.30.15 ಇರುವ ಪ್ಯಾಕೆಟ್‌ಗಳಿಗೆ ಟೇಬಲ್ 100 ಅನ್ನು ನೋಡು ಎಂಬ ಒಂದು ನಿಯಮವನ್ನು ಸೇರಿಸಲಾಯಿತು. ಮುಖ್ಯ ಟೇಬಲ್‌ಗಿಂತ ಮೊದಲು ಈ ನಿಯಮ ಪರಿಶೀಲನೆಗೆ ಬರುತ್ತದೆ. ಈಗ ಉತ್ತರವೂ ಫೈರ್‌ವಾಲ್ ಮೂಲಕವೇ ಹಿಂದಿರುಗಿ, ಕಚೇರಿಯವರಿಗೂ ಪುಟ ತೆರೆಯಿತು.

ಹಿಮ್ಮುಖ ಶೋಧಕ ಕೂಡ ಉತ್ತರದ ದಾರಿ ಹುಡುಕುವಾಗ ಮೂಲ ಮತ್ತು ಗುರಿಯನ್ನು ಅದಲುಬದಲು ಮಾಡಿ ಇದೇ ನಿಯಮಗಳ ಮೂಲಕ ಹೋಗುತ್ತದೆ. ಆದ್ದರಿಂದ ನಿಯಮ ಬಂದ ಮೇಲೆ ಉಪಕರಣ ಕಾರ್ಡಿನ ಮೌಲ್ಯವನ್ನು 2ರಿಂದ ಮತ್ತೆ 1ಕ್ಕೆ ತರಲಾಯಿತು, ಯಾವ ಸಂಪರ್ಕವೂ ಕೆಡಲಿಲ್ಲ. ಇದರಿಂದ ಇನ್ನೊಂದು ಲಾಭವೂ ಆಯಿತು. ತನ್ನ ಯಾವುದೇ ವಿಳಾಸಕ್ಕೆ ಬಂದ ಪ್ಯಾಕೆಟ್ಟನ್ನು ಯಾವುದೇ ಕಾರ್ಡಿನಲ್ಲಿ ಸ್ವೀಕರಿಸುವುದು ಲಿನಕ್ಸ್‌ನ ಸ್ವಭಾವ. 1989ರ ಆರ್‌ಎಫ್‌ಸಿ 1122 ವಿವರಿಸುವ ಎರಡು ಮಾದರಿಗಳಲ್ಲಿ ಇದು ದುರ್ಬಲ ಮಾದರಿ. ಹಾಗಾಗಿ ಕಚೇರಿಯ ಜಾಲದಲ್ಲಿರುವ ಯಾರಾದರೂ ನಡುವಿನ ಫೈರ್‌ವಾಲ್ ಮೂಲಕ ಹೋಗದೆ, 10.20.30.15ಕ್ಕೆಂದು ಬರೆದ ಪ್ಯಾಕೆಟ್ಟನ್ನು ನೇರವಾಗಿ ಕಚೇರಿ ಕಾರ್ಡಿಗೇ ಕಳುಹಿಸಲು ಅವಕಾಶವಿತ್ತು. ಈಗ ಅಂಥ ಪ್ಯಾಕೆಟ್ಟಿನ ಉತ್ತರದ ದಾರಿ ಉಪಕರಣ ಕಾರ್ಡ್ ಎಂದಾಗುವುದರಿಂದ ಬಿಗಿಯಾದ ಶೋಧಕ ಅದನ್ನು ತಡೆಯುತ್ತದೆ. ಒಂದು ಕಾರ್ಡಿನಿಂದ ಬಂದದ್ದನ್ನು ಇನ್ನೊಂದಕ್ಕೆ ದಾಟಿಸುವ ಐಪಿ ಫಾರ್ವರ್ಡಿಂಗ್ ಸ್ಥಗಿತವಾಗಿಯೇ ಇದೆಯೆಂಬುದನ್ನೂ ಇದೇ ಹೊತ್ತಿಗೆ ನೋಡಿಕೊಳ್ಳಲಾಯಿತು.

ನಿಯಮ ಸೇರಿಸಿದ ಮೇಲೆ 10.20.0.0/16ರ ಸ್ಥಿರ ದಾರಿ ಬೇಡವಲ್ಲವೇ ಎಂದು ತಂಡದಲ್ಲಿ ಒಬ್ಬರು ಕೇಳಿದರು. ಬೇಕು. ಬಂದ ಕೋರಿಕೆಗೆ ಉತ್ತರಿಸುವಾಗ ಮೂಲ ವಿಳಾಸ ಮೊದಲೇ ನಿಶ್ಚಿತ, ನಿಯಮ ಹೊಂದುತ್ತದೆ. ಯಂತ್ರವೇ ಹೊಸ ಸಂಪರ್ಕ ಆರಂಭಿಸುವಾಗ ಮೊದಲು ದಾರಿ ಆಯ್ಕೆಯಾಗಿ, ಆ ದಾರಿಯಿಂದ ಮೂಲ ವಿಳಾಸ ತೀರ್ಮಾನವಾಗುತ್ತದೆ. ಆಗ ಮೂಲವನ್ನು ನೋಡುವ ನಿಯಮ ಹೊಂದುವುದಿಲ್ಲ, ಮುಖ್ಯ ಟೇಬಲ್ಲೇ ಗತಿ. ಎಲ್ಲ ವಿಳಾಸಗಳಲ್ಲೂ ಕಿವಿಗೊಡುವ, ಟಿಸಿಪಿಯಂತೆ ಮೊದಲು ಸಂಪರ್ಕ ಏರ್ಪಡಿಸದ ಯುಡಿಪಿ ಸೇವೆಗಳಿಗೂ ಇದೇ ಮಾತು ಅನ್ವಯಿಸಬಹುದು. ಉತ್ತರದ ಮೂಲ ವಿಳಾಸವನ್ನು ಪ್ರೋಗ್ರಾಂ ತಾನಾಗಿ ನಿಗದಿಪಡಿಸದಿದ್ದರೆ, ಕೇಳಿದ ವಿಳಾಸ ಒಂದು, ಉತ್ತರಿಸಿದ ವಿಳಾಸ ಇನ್ನೊಂದು ಆಗುವ ಸಾಧ್ಯತೆಯಿದೆ. ಅಂಥ ಸೇವೆಯನ್ನು ನಿರ್ದಿಷ್ಟ ವಿಳಾಸಕ್ಕೆ ಕಟ್ಟಿಹಾಕುವುದೇ ಮೇಲು.

ಇದೇ ಜೋಡಣೆ ವಿಂಡೋಸ್ ಯಂತ್ರದಲ್ಲಿದ್ದರೆ ಕತೆ ಸ್ವಲ್ಪ ಬೇರೆಯಾಗಿರುತ್ತಿತ್ತು. ಎರಡನೆಯ ಗೇಟ್‌ವೇಯನ್ನು ಕೈಯಾರೆ ಬರೆಯಲು ಹೋದರೆ ವಿಂಡೋಸ್ ಎಚ್ಚರಿಸುತ್ತದೆ, ಆದರೆ ಡಿಎಚ್‌ಸಿಪಿ ಮೂಲಕ ಬಂದರೆ ಎಚ್ಚರಿಕೆಯಿಲ್ಲ. ಮೆಟ್ರಿಕ್ಕನ್ನು ಅದು ಲಿಂಕಿನ ವೇಗದಿಂದ ಲೆಕ್ಕ ಹಾಕುವುದರಿಂದ ಸಮಾನ ವೇಗದ ಎರಡು ಕಾರ್ಡ್‌ಗಳಿಗೆ ಸಮಾನ ಮೆಟ್ರಿಕ್ಕೇ ಬರುತ್ತದೆ. ವಿಸ್ಟಾದಿಂದೀಚೆಗೆ ವಿಂಡೋಸ್ ಪಾಲಿಸುವುದು ಆರ್‌ಎಫ್‌ಸಿ 1122ರ ಬಲವಾದ ಮಾದರಿಯನ್ನು, ಅಂದರೆ ಒಂದು ಕಾರ್ಡಿನ ವಿಳಾಸಕ್ಕೆ ಬಂದದ್ದನ್ನು ಆ ಕಾರ್ಡಿನಲ್ಲಷ್ಟೇ ಸ್ವೀಕರಿಸುವುದನ್ನು. ಉಪಕರಣ ಕಾರ್ಡಿಗೆ ಗೇಟ್‌ವೇ ಇಲ್ಲದಂತೆ ಮಾಡಿ, ಬೇಕಾದ ಸಬ್‌ನೆಟ್‌ಗಳಿಗೆ ಶಾಶ್ವತ ದಾರಿ ಬರೆಯುವ ಮೊದಲ ಎರಡು ಕ್ರಮಗಳು ಅಲ್ಲಿಯೂ ಹಾಗೆಯೇ ಸಲ್ಲುತ್ತವೆ.

ಪರಿಶೀಲನೆ ಮತ್ತು ಉಳಿದ ಕೆಲಸ

ಟರ್ಮಿನಲ್‌ನಲ್ಲಿ ಬರೆದ ದಾರಿಗಳೂ ನಿಯಮಗಳೂ ರೀಬೂಟ್‌ನೊಂದಿಗೆ ಅಳಿಸಿಹೋಗುವುದರಿಂದ ಎಲ್ಲವನ್ನೂ ನೆಟ್‌ವರ್ಕ್‌ಮ್ಯಾನೇಜರಿನ ಉಪಕರಣ ಸಂಪರ್ಕದ ವಿವರದೊಳಗೇ ಬರೆಯಲಾಯಿತು. ಆಮೇಲೆ ಯಂತ್ರವನ್ನು ಒಮ್ಮೆ ಕಚೇರಿಯ ಕೇಬಲ್ ಮಾತ್ರ ಇಟ್ಟು, ಒಮ್ಮೆ ಉಪಕರಣದ ಕೇಬಲ್ ಮಾತ್ರ ಇಟ್ಟು, ಒಮ್ಮೆ ಎರಡನ್ನೂ ಇಟ್ಟು ರೀಬೂಟ್ ಮಾಡಲಾಯಿತು; ಕೇಬಲ್‌ಗಳನ್ನು ಎರಡೂ ಕ್ರಮದಲ್ಲಿ ಸಿಕ್ಕಿಸಿ ನೋಡಲಾಯಿತು. ಪ್ರತಿ ಸಲವೂ ಇಂಟರ್ನೆಟ್, ಉಪಕರಣದ ಸಬ್‌ನೆಟ್, ವಿಶ್ಲೇಷಕರ ಸಬ್‌ನೆಟ್, ಕಚೇರಿಯ ಸಬ್‌ನೆಟ್ ಈ ನಾಲ್ಕೂ ಕಡೆಯಿಂದ ಪಿಂಗ್ ಮಾತ್ರವಲ್ಲದೆ ಪುಟ ತೆರೆಯುವುದನ್ನೂ ಪರೀಕ್ಷಿಸಲಾಯಿತು. ಹೊಸ ವಿಳಾಸ ಪದ್ಧತಿಯಾದ ಐಪಿವಿ6ರಲ್ಲಿ ರೂಟರ್‌ಗಳು ತಾವಾಗಿ ಕಳುಹಿಸುವ ಪ್ರಕಟಣೆಗಳ ಮೂಲಕ ಉಪಕರಣ ಕಾರ್ಡಿಗೆ ಇನ್ನೊಂದು ಡೀಫಾಲ್ಟ್ ದಾರಿ ಬಂದಿಲ್ಲವೆಂಬುದನ್ನೂ ಖಚಿತಪಡಿಸಿಕೊಂಡೆವು. ಐಪಿವಿ4 ಟೇಬಲ್ ಮಾತ್ರ ನೋಡುವವರ ಕಣ್ಣಿಗೆ ಅದು ಬೀಳುವುದಿಲ್ಲ.

ಯಂತ್ರದ ಮಟ್ಟದಲ್ಲಿ ಪ್ರಕರಣ ಇಲ್ಲಿಗೆ ಮುಗಿಯಿತು. ಆದರೆ ಉಪಕರಣ ಜಾಲದ ಡಿಎಚ್‌ಸಿಪಿ ಸರ್ವರ್ ಇಂಟರ್ನೆಟ್ ಇಲ್ಲದ ಗೇಟ್‌ವೇಯನ್ನು, ಡಿಎಚ್‌ಸಿಪಿ ಉತ್ತರದಲ್ಲಿ ಗೇಟ್‌ವೇಗೆಂದೇ ಇರುವ ಆಯ್ಕೆ 3ರ ಮೂಲಕ ಎಲ್ಲರಿಗೂ ಹಂಚುತ್ತಿರುವವರೆಗೆ, ಅಲ್ಲಿ ಎರಡನೆಯ ಕಾರ್ಡ್ ಸಿಕ್ಕಿಸುವ ಪ್ರತಿಯೊಂದು ಹೊಸ ಕಂಪ್ಯೂಟರಿನಲ್ಲೂ ಇದು ಮರುಕಳಿಸುತ್ತದೆ. ಗೇಟ್‌ವೇ ಹಂಚುವುದನ್ನು ಪೂರ್ತಿಯಾಗಿ ನಿಲ್ಲಿಸಲೂ ಆಗದು, ಹಳೆಯ ಉಪಕರಣಗಳು ವಿಶ್ಲೇಷಕರ ಸಬ್‌ನೆಟ್ ತಲುಪಲು ಅದನ್ನೇ ನಂಬಿವೆ. 2002ರ ಆರ್‌ಎಫ್‌ಸಿ 3442 ಇದಕ್ಕೊಂದು ದಾರಿ ಮಾಡಿದೆ. ಅದು ವಿವರಿಸುವ ಆಯ್ಕೆ 121ರಲ್ಲಿ ನಿರ್ದಿಷ್ಟ ಸಬ್‌ನೆಟ್‌ಗಳ ದಾರಿಗಳನ್ನಷ್ಟೇ ಕಳುಹಿಸಬಹುದು, ಮತ್ತು ಎರಡೂ ಆಯ್ಕೆಗಳು ಬಂದಾಗ 121 ಅನ್ನು ಬಲ್ಲ ಯಂತ್ರಗಳು 3 ಅನ್ನು ಕಡೆಗಣಿಸಬೇಕೆಂದು ಅದರಲ್ಲಿ ನಿಯಮವಿದೆ. ಆ ಸರ್ವರಿನಲ್ಲಿ ಈಗ 10.20.0.0/16ರ ದಾರಿಯನ್ನು ಆಯ್ಕೆ 121ರಲ್ಲಿ ಸೇರಿಸಲಾಗಿದೆ, ಆಯ್ಕೆ 3ನ್ನು ಹಳೆಯ ಉಪಕರಣಗಳಿಗಾಗಿ ಹಾಗೆಯೇ ಉಳಿಸಲಾಗಿದೆ.